ಹಗಲಿನ ಬೆವರು, ಇರುಳಿನ ನಿದ್ದೆ



ನಿದ್ದೆ ಬರುವುದಿಲ್ಲ ಎನ್ನುವವರು ಸಾಮಾನ್ಯವಾಗಿ ರಾತ್ರಿಯ ಕಥೆಯನ್ನೇ ಹೇಳುತ್ತಾರೆ. ಹತ್ತೂವರೆಗೆ ದೀಪ ಆರಿಸಿದ್ದು, ಹನ್ನೆರಡರವರೆಗೂ ಹೊರಳಾಡಿದ್ದು, ಎರಡು ಗಂಟೆಗೆ ಎಚ್ಚರವಾಗಿ ಬೆಳಗಿನ ಜಾವದ ತನಕ ಗಡಿಯಾರ ನೋಡುತ್ತ ಬಿದ್ದುಕೊಂಡದ್ದು. ದಿಂಬು ಬದಲಾಯಿಸಿದ್ದು, ಬಿಸಿ ಹಾಲು ಕುಡಿದದ್ದು, ಅಂಗಾಲಿಗೆ ಎಣ್ಣೆ ತಿಕ್ಕಿಕೊಂಡದ್ದು, ಇವೂ ಆ ಕಥೆಯಲ್ಲಿ ಬಂದೇ ಬರುತ್ತವೆ. ಅಂಥವರನ್ನು ನಾನು ಹಗಲಿನ ಕಥೆ ಕೇಳುತ್ತೇನೆ. ಇವತ್ತು ಎಷ್ಟು ದೂರ ನಡೆದಿರಿ? ಯಾವ ಹೊತ್ತಿನಲ್ಲಾದರೂ ಬೆನ್ನು ಬೆವರಿತೇ? ಹೊರಗಿನ ಬಿಸಿಲು ಎಷ್ಟು ಹೊತ್ತು ಮೈಮೇಲೆ ಬಿತ್ತು? ಹೆಚ್ಚಿನವರು ಇಲ್ಲಿ ತಡವರಿಸುತ್ತಾರೆ. ಸ್ಕೂಟರಿನಲ್ಲಿ ಹೋಗಿ, ಕುರ್ಚಿಯಲ್ಲಿ ಕೂತು, ಸ್ಕೂಟರಿನಲ್ಲೇ ವಾಪಸು ಬಂದು, ಟಿ.ವಿ. ಮುಂದೆ ಕೂತು, ಅಲ್ಲಿಂದ ಎದ್ದು ಹಾಸಿಗೆಗೆ ಹೋದ ದಿನ ಅದು. ತಲೆ ದಣಿದು ಸೋತಿರುತ್ತದೆ. ಮೈಗೆ ಮಾತ್ರ ಕೆಲಸವೇ ಸಿಕ್ಕಿರುವುದಿಲ್ಲ.

ಕಾಲೇಜಿನ ಆಟದ ಮೈದಾನದಲ್ಲಿ ದೈಹಿಕ ಶಿಕ್ಷಣ ಕಲಿಸುತ್ತ ಬಂದವನು ನಾನು. ಅಲ್ಲಿ ಕಂಡು ತಿಳಿದದ್ದನ್ನೂ ಈ ವಿಷಯದಲ್ಲಿ ನಡೆದಿರುವ ಒಳ್ಳೆಯ ಅಧ್ಯಯನಗಳಲ್ಲಿ ಕೆಲವನ್ನೂ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ರಾತ್ರಿಯ ನಿದ್ದೆಗೆ ಬೇಕಾದ ತಯಾರಿ ಹಗಲಿನಲ್ಲಿ, ಮೈಯ ದುಡಿಮೆಯಲ್ಲಿ ಆಗುತ್ತದೆ. ಆ ದುಡಿಮೆಯ ಫಲ ಮೈಗೆ ದಕ್ಕುವುದು ಮತ್ತೆ ಆ ನಿದ್ದೆಯಲ್ಲೇ. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ಕಷ್ಟ.

ಮೊದಲು ನಿದ್ದೆ ಹೇಗೆ ಬರುತ್ತದೆ ಎನ್ನುವುದನ್ನು ನೋಡೋಣ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನ ಜೀವಕೋಶಗಳು ಶಕ್ತಿಯನ್ನು ಉರಿಸುತ್ತಲೇ ಇರುತ್ತವೆ. ಸೌದೆ ಉರಿದ ಹಾಗೆಲ್ಲ ಒಲೆಯಲ್ಲಿ ಬೂದಿ ಕೂಡುವಂತೆ, ಈ ಉರಿಯಿಂದ ಅಡಿನೋಸಿನ್ ಎಂಬ ವಸ್ತು ಮಿದುಳಿನಲ್ಲಿ ಕೂಡುತ್ತ ಹೋಗುತ್ತದೆ. ಅದು ಹೆಚ್ಚಿದಷ್ಟೂ ಕಣ್ಣು ಎಳೆಯುತ್ತದೆ. ನಿದ್ದೆ ಮಾಡಿದಾಗ ಅದು ಇಳಿಯುತ್ತದೆ. ಇದರ ಜೊತೆಗೆ ಹಗಲು ರಾತ್ರಿಗಳನ್ನು ಲೆಕ್ಕ ಇಡುವ ಗಡಿಯಾರವೊಂದು ಮಿದುಳಿನೊಳಗೇ ಇದೆ. ನಿದ್ದೆಯ ಈ ಒತ್ತಡವೂ ಗಡಿಯಾರದ ಹೊತ್ತೂ ಒಂದಕ್ಕೊಂದು ಕೂಡಿಬಂದಾಗ ನಿದ್ದೆ ಹತ್ತುತ್ತದೆ ಎಂದು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ವಿವರಿಸಿದರು. ನಿದ್ದೆಯ ವಿಜ್ಞಾನ ಇಂದಿಗೂ ಈ ವಿವರಣೆಯ ಮೇಲೆ ನಿಂತಿದೆ.

ವ್ಯಾಯಾಮ ಈ ಎರಡರ ಮೇಲೂ ಕೆಲಸ ಮಾಡುತ್ತದೆ. ಮೈ ದುಡಿದಷ್ಟೂ ನಿದ್ದೆಯ ಒತ್ತಡ ಏರುತ್ತದೆ. ಬೆಳಗಿನ ಬೆಳಕಿನಲ್ಲಿ ಹೊರಗೆ ನಡೆದರೆ ಒಳಗಿನ ಗಡಿಯಾರಕ್ಕೆ ದಿನ ಯಾವಾಗ ಶುರುವಾಯಿತೆಂದು ಖಚಿತವಾಗಿ ತಿಳಿಯುತ್ತದೆ. ರಾತ್ರಿಯೂ ಸರಿಯಾದ ಹೊತ್ತಿಗೆ ಮಂಪರು ಬರುತ್ತದೆ. ಮೈಬಿಸಿಯ ಸಂಗತಿಯೂ ಒಂದಿದೆ. ಸಂಜೆ ನಮ್ಮ ದೇಹದೊಳಗಿನ ಬಿಸಿ ದಿನದಲ್ಲೇ ಹೆಚ್ಚು ಇರುತ್ತದೆ. ರಾತ್ರಿ ಅದು ಸುಮಾರು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ, ಆ ಇಳಿತದ ಜೊತೆಯಲ್ಲೇ ನಿದ್ದೆ ಬರುತ್ತದೆ. ವ್ಯಾಯಾಮ ಮಾಡಿದಾಗ ಬಿಸಿ ಏರಿ, ಆಮೇಲೆ ಚರ್ಮದ ಮೂಲಕ ಹೊರಗೆ ಹೋಗುತ್ತದೆ. ಕೆಲವು ಗಂಟೆಗಳ ನಂತರದ ಈ ಇಳಿತವೂ ನಿದ್ದೆಗೆ ನೆರವಾಗುತ್ತದೆ ಎಂಬ ವಿವರಣೆ ಇದೆ. ಇನ್ನು ಮನಸ್ಸಿನ ಮಾತು. ಹಾಸಿಗೆಗೆ ಹೋದ ಕೂಡಲೇ ಸಾಲದ ಕಂತು, ಮಗಳ ಪರೀಕ್ಷೆ, ಆಫೀಸಿನಲ್ಲಿ ಯಾರೋ ಆಡಿದ ಮಾತು ಎಲ್ಲವೂ ಸಾಲುಗಟ್ಟಿ ಬರುತ್ತವಲ್ಲ, ಆ ಸಾಲು ವ್ಯಾಯಾಮ ಮಾಡುವವರಲ್ಲಿ ಗಿಡ್ಡವಾಗುತ್ತದೆ. ಆತಂಕವನ್ನು ತಗ್ಗಿಸುವ ಗುಣ ವ್ಯಾಯಾಮಕ್ಕಿದೆ ಎನ್ನುವುದು ಚೆನ್ನಾಗಿ ರುಜುವಾತಾದ ಸಂಗತಿ.

ನಿದ್ದೆ ಬಂತು ಅನ್ನಿ. ಇಡೀ ರಾತ್ರಿ ಅದು ಒಂದೇ ತೆರನಾಗಿ ಇರುವುದಿಲ್ಲ. ಸುಮಾರು ತೊಂಬತ್ತು ನಿಮಿಷಕ್ಕೊಂದು ಸುತ್ತಿನಂತೆ ತೆಳುನಿದ್ದೆ, ಗಾಢನಿದ್ದೆ, ಕನಸಿನ ನಿದ್ದೆ ಬಂದು ಹೋಗುತ್ತಿರುತ್ತವೆ. ಮಿದುಳಿನ ಅಲೆಗಳು ನಿಧಾನವಾಗಿ ದೊಡ್ಡದಾಗಿ ಏಳುವ ಗಾಢನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಮುಗಿದುಹೋಗುತ್ತದೆ. ಪಕ್ಕದಲ್ಲಿ ಪಾತ್ರೆ ಬಿದ್ದರೂ ಎಚ್ಚರವಾಗದ ಹೊತ್ತು ಅದು. ಆಗ ನಾಡಿ ನಿಧಾನವಾಗುತ್ತದೆ, ರಕ್ತದೊತ್ತಡ ತಗ್ಗುತ್ತದೆ, ಸ್ನಾಯುಗಳು ಸಡಿಲವಾಗುತ್ತವೆ. ಬೆಳವಣಿಗೆಯ ಹಾರ್ಮೋನು ದೊಡ್ಡ ಪ್ರಮಾಣದಲ್ಲಿ ರಕ್ತಕ್ಕೆ ಬರುವುದೂ ಇದೇ ಗಾಢನಿದ್ದೆಯ ಹೊತ್ತಿನಲ್ಲಿ ಎಂದು 1968ರಲ್ಲೇ ಕಂಡುಕೊಂಡರು. ಹೆಸರು ಬೆಳವಣಿಗೆಯ ಹಾರ್ಮೋನು ಎಂದಾದರೂ ಅದು ಮಕ್ಕಳಿಗಷ್ಟೇ ಬೇಕಾದದ್ದಲ್ಲ. ಹಗಲು ದಣಿದ ಅಂಗಾಂಶಗಳ ರಿಪೇರಿಯಲ್ಲಿ ದೊಡ್ಡವರಿಗೂ ಅದರ ಪಾಲಿದೆ.

1981ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ವರದಿಯನ್ನು ಇಲ್ಲಿ ನೆನೆಯಬೇಕು. 92 ಕಿಲೋಮೀಟರ್ ದೂರದ ರಸ್ತೆ ಓಟವನ್ನು ಓಡಿ ಮುಗಿಸಿದವರ ನಿದ್ದೆಯನ್ನು ಆಮೇಲಿನ ರಾತ್ರಿಗಳಲ್ಲಿ ಯಂತ್ರವಿಟ್ಟು ಅಳೆದರು. ಅವರು ಹೆಚ್ಚು ಹೊತ್ತು ನಿದ್ದೆ ಮಾಡಿದರು. ಆ ನಿದ್ದೆಯಲ್ಲಿ ಗಾಢನಿದ್ದೆಯ ಪಾಲು, ಅದರಲ್ಲೂ ಮೊದಲೆರಡು ರಾತ್ರಿ, ಎದ್ದು ಕಾಣುವಷ್ಟು ಹೆಚ್ಚಿತ್ತು. ದೇಹ ತನಗೆ ಯಾವ ಬಗೆಯ ನಿದ್ದೆ ಬೇಕೋ ಅದನ್ನೇ ಆರಿಸಿ ತೆಗೆದುಕೊಂಡಿತ್ತು. 92 ಕಿಲೋಮೀಟರ್ ನಮಗೆ ನಿಮಗೆ ಬೇಡ. ಆದರೆ ದುಡಿತಕ್ಕೂ ಗಾಢನಿದ್ದೆಗೂ ಇರುವ ನಂಟು ಅಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ಸಾಮಾನ್ಯರ ವಿಷಯಕ್ಕೆ ಬರೋಣ. ವಯಸ್ಸಾದಂತೆ ಗಾಢನಿದ್ದೆ ಕಡಿಮೆಯಾಗುತ್ತದೆ, ಆದ್ದರಿಂದ ನಿದ್ದೆ ಬರುವುದಿಲ್ಲ ಎಂಬ ದೂರು ಹೆಚ್ಚಾಗಿ ಕೇಳುವುದು ಅರವತ್ತು ದಾಟಿದವರಿಂದ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ಎನ್.ಕೆ. ಮಂಜುನಾಥ್ ಮತ್ತು ಶಿರ್ಲಿ ಟೆಲ್ಲೆಸ್ ಅವರು ವೃದ್ಧಾಶ್ರಮದ 69 ಮಂದಿಯ ಮೇಲೆ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ವಿಶ್ರಾಂತಿ ಕ್ರಮಗಳ ಅಭ್ಯಾಸ. ಇನ್ನೊಂದಕ್ಕೆ ಆಯುರ್ವೇದದ ಔಷಧಿ. ಮೂರನೆಯದಕ್ಕೆ ಏನೂ ಇಲ್ಲ. ಆರು ತಿಂಗಳಾದ ಮೇಲೆ ಕೇಳಿದಾಗ, ಯೋಗ ಮಾಡಿದ ಗುಂಪಿನವರಿಗೆ ಸರಾಸರಿ ಹತ್ತು ನಿಮಿಷದಷ್ಟು ಬೇಗ ನಿದ್ದೆ ಹತ್ತುತ್ತಿತ್ತು, ಒಟ್ಟು ನಿದ್ದೆ ಒಂದು ಗಂಟೆಯಷ್ಟು ಹೆಚ್ಚಿತ್ತು, ಬೆಳಿಗ್ಗೆ ಏಳುವಾಗ ಮೈ ಹಗುರವಾಗಿದೆ ಎನ್ನುತ್ತಿದ್ದರು. ಉಳಿದೆರಡು ಗುಂಪುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಎಪ್ಪತ್ತರ ಆಸುಪಾಸಿನಲ್ಲಿ ದಿನಕ್ಕೊಂದು ಗಂಟೆ ಹೆಚ್ಚು ನಿದ್ದೆ ಎಂದರೆ ಎಂಥ ಭಾಗ್ಯ ಎನ್ನುವುದು ಆ ವಯಸ್ಸಿನವರಿಗೇ ಗೊತ್ತು.

ಯೋಗವೇ ಆಗಬೇಕೆಂದೇನೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50ರಿಂದ 76 ವರ್ಷದೊಳಗಿನ, ನಿದ್ದೆಯ ತೊಂದರೆಯಿದ್ದ ಜನ ವಾರಕ್ಕೆ ನಾಲ್ಕು ಸಲ, ಸಲಕ್ಕೆ ಮೂವತ್ತು ನಲವತ್ತು ನಿಮಿಷ ಬಿರುಸಾಗಿ ನಡೆಯುವುದೋ ಹಗುರ ಕಸರತ್ತೋ ಮಾಡಿದರು. ಹದಿನಾರು ವಾರದ ಕೊನೆಗೆ ಅವರ ನಿದ್ದೆ ಮುಕ್ಕಾಲು ಗಂಟೆಯ ಹತ್ತಿರ ಹೆಚ್ಚಿತ್ತು. ಬೆಂಗಳೂರಿನ ವೃದ್ಧಾಶ್ರಮಕ್ಕೂ ಸ್ಟ್ಯಾನ್‌ಫರ್ಡ್ ಇರುವ ಕ್ಯಾಲಿಫೋರ್ನಿಯಾಕ್ಕೂ ಬಹಳ ದೂರ. ಫಲ ಮಾತ್ರ ಹತ್ತಿರ ಹತ್ತಿರ ಒಂದೇ.

ಇಲ್ಲೊಂದು ಅಂಶವನ್ನು ದಯವಿಟ್ಟು ಗಮನಿಸಿ. ಆರು ತಿಂಗಳು, ಹದಿನಾರು ವಾರ. ನಮ್ಮ ಜನ ಸೋಲುವುದು ಇಲ್ಲಿಯೇ. ನಮ್ಮ ಬಡಾವಣೆಯಲ್ಲಿ ನಿವೃತ್ತರಾದ ಗುಮಾಸ್ತರೊಬ್ಬರಿದ್ದಾರೆ. ಹೊಸ ಬೂಟು ಕೊಂಡು ಕೆರೆ ಏರಿಯ ಮೇಲೆ ನಡೆಯಲು ಶುರು ಮಾಡಿದರು. ಎರಡನೇ ವಾರ ಎದುರಿಗೆ ಸಿಕ್ಕವರೇ ನಿಂತುಬಿಟ್ಟರು.

“ಮೇಷ್ಟ್ರೇ, ಕಾಲು ನೋಯೋದೊಂದೇ ಬಂತು. ನಿದ್ದೆ ಮಾತ್ರ ಅದೇ ಕೋಳಿನಿದ್ದೆ.”

“ಇನ್ನೂ ಎರಡು ತಿಂಗಳು ನಿಲ್ಲಿಸಬೇಡಿ ಸ್ವಾಮಿ. ಆಮೇಲೆ ನನ್ನನ್ನ ಬೈಯಿರಿ,” ಎಂದೆ.

ಅವರು ಒಲ್ಲದ ಮನಸ್ಸಿನಿಂದ ಮುಂದುವರಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮನೆಯವರೇ ಹೇಳಿದ್ದು, ರಾತ್ರಿ ಎದ್ದು ಹಜಾರದಲ್ಲಿ ಓಡಾಡುವುದು ನಿಂತಿದೆ ಎಂದು.

ಇದು ಅವರೊಬ್ಬರ ಅನುಭವ ಮಾತ್ರ ಅಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ನಿದ್ರಾಹೀನತೆಯಿದ್ದ ಕೆಲವೇ ಮಹಿಳೆಯರನ್ನು ಹದಿನಾರು ವಾರ ದಿನದಿನವೂ ಗಮನಿಸಿ 2013ರಲ್ಲಿ ಬರೆದ ವರದಿಯೊಂದಿದೆ. ಸಣ್ಣ ಅಧ್ಯಯನವಾದರೂ ಅದು ತೋರಿಸಿದ್ದು ಬಹಳ ಉಪಯೋಗದ ಸಂಗತಿ. ಇವತ್ತಿನ ವ್ಯಾಯಾಮದಿಂದ ಇವತ್ತಿನ ರಾತ್ರಿಯ ನಿದ್ದೆಯೇನೂ ಬದಲಾಗಲಿಲ್ಲ. ಆದರೆ ಸರಿಯಾಗಿ ನಿದ್ದೆ ಹತ್ತದ ರಾತ್ರಿಯ ಮರುದಿನ ಅವರ ವ್ಯಾಯಾಮದ ಹೊತ್ತು ಕಡಿಮೆಯಾಯಿತು. ಅಂದರೆ ನಿದ್ದೆಗೆಟ್ಟವರು ಎರಡು ಕಡೆಯಿಂದ ಸೋಲುತ್ತಾರೆ: ಫಲ ಬೇಗ ಕಾಣುವುದಿಲ್ಲ, ಸುಸ್ತು ಮಾತ್ರ ದಿನಾ ಬೆಳಿಗ್ಗೆ ಕಾಣುತ್ತದೆ. ಹೀಗಾಗುವುದು ಸಹಜ ಎಂದು ಮೊದಲೇ ಗೊತ್ತಿದ್ದವರು ಕೈಬಿಡುವುದಿಲ್ಲ. ರಾತ್ರಿ ನಿದ್ದೆ ಕೆಟ್ಟ ದಿನ ಅರ್ಧ ದೂರ ನಡೆಯಿರಿ. ಚಪ್ಪಲಿ ಮೆಟ್ಟಿ ಹೊರಗೆ ಹೋಗುವುದನ್ನು ಮಾತ್ರ ತಪ್ಪಿಸಬೇಡಿ.

ಈಗ ಚೇತರಿಕೆಯ ಮಾತು. ಇದನ್ನು ಅರ್ಥಮಾಡಿಕೊಳ್ಳಲು ಮೈಸೂರಿನ ಹಳೆಯ ಗರಡಿಮನೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ಹತ್ತಿರವಾದಾಗ ನಸುಕಿನಲ್ಲೇ ಒಮ್ಮೆ ಹೋಗಿ ನೋಡಿ. ತಗ್ಗು ಬಾಗಿಲು, ಒಳಗೆ ಆಂಜನೇಯನ ಪಟ, ಎಣ್ಣೆ ಮತ್ತು ಮಣ್ಣಿನ ವಾಸನೆ. ಹುಡುಗರು ಮೊದಲು ಗುದ್ದಲಿ ಹಿಡಿದು ಕೆಂಪು ಮಟ್ಟಿಯನ್ನು ಅಗೆದು ಹದ ಮಾಡುತ್ತಾರೆ. ಅದೇ ಅರ್ಧ ಕಸರತ್ತು. ಆಮೇಲೆ ದಂಡ, ಬಸ್ಕಿ, ಜೋಡಿ ಜೋಡಿಯಾಗಿ ಪಟ್ಟುಗಳ ಅಭ್ಯಾಸ. ಬೆನ್ನಿನ ಮೇಲೆ ಮಣ್ಣು ಮೆತ್ತಿ, ಅದರ ಮೇಲೆ ಬೆವರು ಗೆರೆಗೆರೆಯಾಗಿ ಇಳಿಯುತ್ತಿರುತ್ತದೆ. ಇಷ್ಟನ್ನು ಎಲ್ಲರೂ ನೋಡುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ಸಾಮು ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ನೋಡುವವರು ಕಡಿಮೆ. ಅವರು ಮೈಗೆ ಒಣ ಮಣ್ಣು ತಿಕ್ಕಿಕೊಂಡು ಬೆವರು ಆರುವವರೆಗೆ ಸುಮ್ಮನೆ ಕೂರುತ್ತಾರೆ. ಸ್ನಾನ, ಹೊಟ್ಟೆತುಂಬ ಊಟ, ಮಧ್ಯಾಹ್ನ ಒಂದು ನಿದ್ದೆ. ರಾತ್ರಿ ಬೇಗ ದೀಪ ಆರಿಸಬೇಕು ಎನ್ನುವುದು ಉಸ್ತಾದರ ಕಟ್ಟಪ್ಪಣೆ. ರಾತ್ರಿ ಸಿನಿಮಾಗೆ ಹೋಗಿ ಬಂದ ಹುಡುಗನನ್ನು ಮರುದಿನ ಉಸ್ತಾದರು ಮುಖ ನೋಡಿಯೇ ಕಂಡುಹಿಡಿಯುತ್ತಿದ್ದರು. ಅವತ್ತು ಅವನಿಗೆ ಮಟ್ಟಿಗೆ ಇಳಿಯಲು ಬಿಡುತ್ತಿರಲಿಲ್ಲ.

ಆ ಉಸ್ತಾದರ ಕಟ್ಟುನಿಟ್ಟಿಗೆ ಇವತ್ತು ಪ್ರಯೋಗಾಲಯದ ಬೆಂಬಲ ಸಿಕ್ಕಿದೆ. ಕಸರತ್ತು ಮಾಡುವಾಗ ಸ್ನಾಯು ಬೆಳೆಯುವುದಿಲ್ಲ, ಸವೆಯುತ್ತದೆ; ಎಳೆಗಳಲ್ಲಿ ಸೂಕ್ಷ್ಮವಾದ ಬಿರುಕುಗಳು ಆಗುತ್ತವೆ. ಆಮೇಲಿನ ಗಂಟೆಗಳಲ್ಲಿ ದೇಹ ಹೊಸ ಪ್ರೋಟೀನು ಕಟ್ಟಿ ಅದನ್ನು ಮೊದಲಿಗಿಂತ ಗಟ್ಟಿ ಮಾಡುತ್ತದೆ. ಈ ಕಟ್ಟೋಣಕ್ಕೆ ನಿದ್ದೆ ಬೇಕು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 13 ಮಂದಿ ಆರೋಗ್ಯವಂತ ಯುವಕ ಯುವತಿಯರನ್ನು ಒಂದೇ ಒಂದು ರಾತ್ರಿ ಪೂರ್ತಿ ಎಚ್ಚರವಾಗಿ ಇಟ್ಟರು. ಮರುದಿನ ಅವರ ಸ್ನಾಯುಗಳಲ್ಲಿ ಪ್ರೋಟೀನು ಕಟ್ಟುವ ವೇಗ ಶೇ. 18ರಷ್ಟು ಕುಸಿದಿತ್ತು, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿತ್ತು. ನಿದ್ದೆ ಹೆಚ್ಚಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. ಸ್ಟ್ಯಾನ್‌ಫರ್ಡ್‌ನ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಕೆಲವು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರುವಂತೆ ಮಾಡಿದಾಗ ಅವರ ಓಟ ಚುರುಕಾಯಿತು, ಚೆಂಡು ಬುಟ್ಟಿಗೆ ಬೀಳುವುದು ಹೆಚ್ಚಾಯಿತು.

ಇದನ್ನು ನಾನು ಒತ್ತಿ ಹೇಳಲು ಕಾರಣ ನಮ್ಮ ಊರುಗಳ ಜಿಮ್‌ಗಳಲ್ಲಿ ಕಾಣುವ ಹುಡುಗರು. ರಾತ್ರಿ ಒಂದು ಗಂಟೆಯವರೆಗೆ ಮೊಬೈಲು, ಬೆಳಿಗ್ಗೆ ಐದಕ್ಕೆ ಎದ್ದು ಭಾರ ಎತ್ತುವುದು, ಜೊತೆಗೆ ಡಬ್ಬಿಯಲ್ಲಿ ಬರುವ ಪ್ರೋಟೀನು ಪುಡಿ. ಆರು ತಿಂಗಳಾದರೂ ಭುಜ ತುಂಬಲಿಲ್ಲ ಎಂದು ಇನ್ನೂ ದುಬಾರಿ ಡಬ್ಬಿ ಕೊಳ್ಳುತ್ತಾರೆ. ಮಕ್ಕಳೇ, ನಿಮಗೆ ಕಡಿಮೆ ಬಿದ್ದಿರುವುದು ನಿದ್ದೆ. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ವಾರದಲ್ಲಿ ಒಂದೆರಡು ದಿನ ಭಾರ ಎತ್ತದೆ ಸುಮ್ಮನೆ ಇರುವುದೂ ಅಭ್ಯಾಸದ ಭಾಗವೇ. ಬೆಳಿಗ್ಗೆ ಎದ್ದಾಗ ನಾಡಿ ಎಂದಿಗಿಂತ ಜೋರಾಗಿದ್ದರೆ, ಮೈಕೈ ನೋವು ನಾಲ್ಕು ದಿನವಾದರೂ ಇಳಿಯದಿದ್ದರೆ, ಸುಸ್ತಾಗಿದ್ದರೂ ನಿದ್ದೆ ಬಾರದಿದ್ದರೆ ಕಸರತ್ತು ಮಿತಿ ಮೀರಿದೆ ಎಂದೇ ತಿಳಿಯಿರಿ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಆಯುರ್ವೇದದ ಗ್ರಂಥಗಳು ಹೇಳಿರುವುದು ಇದಕ್ಕೇ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅಷ್ಟಕ್ಕೆ ಸಾಕು. ನಡೆಯುವವರಿಗೆ ಇನ್ನೂ ಸುಲಭದ ಲೆಕ್ಕ ಹೇಳುತ್ತೇನೆ: ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸರಿ.

ಎಷ್ಟು ಹೊತ್ತು ಎಂದು ಕೇಳುತ್ತೀರಿ. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಿಗ್ಗೆ ಪುರುಸೊತ್ತು ಇಲ್ಲದವರು ಸಂಜೆ ಮಾಡಬಹುದು. ಸಂಜೆ ವ್ಯಾಯಾಮ ಮಾಡಿದರೆ ನಿದ್ದೆ ಕೆಡುತ್ತದೆ ಎಂಬ ಮಾತು ಬಹಳ ಕಾಲದಿಂದ ಇದೆ. 2019ರಲ್ಲಿ ಸ್ವಿಟ್ಜರ್‌ಲೆಂಡಿನ ಸಂಶೋಧಕರು 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ಮಲಗುವುದಕ್ಕೆ ಒಂದು ಗಂಟೆಯೊಳಗೆ ಏದುಸಿರು ಬರುವಂಥ ಬಿರುಸಿನ ಕಸರತ್ತು ಮಾತ್ರ ಬೇಡ. ಇದಕ್ಕಿಂತ ನಮ್ಮಲ್ಲಿ ಹೆಚ್ಚು ನಿದ್ದೆ ಕೆಡಿಸುವುದು ಸಂಜೆ ವಾಕಿಂಗ್ ಮುಗಿಸಿ ಗೆಳೆಯರ ಜೊತೆ ದರ್ಶಿನಿಯಲ್ಲಿ ಕುಡಿಯುವ ಸ್ಟ್ರಾಂಗ್ ಕಾಫಿ. ಅಡಿನೋಸಿನ್ ಮಿದುಳಿಗೆ ತಟ್ಟದಂತೆ ಅಡ್ಡ ನಿಲ್ಲುವುದೇ ಕಾಫಿಯ ಕೆಲಸ. ಕುಡಿದ ಐದು ಗಂಟೆಯ ಮೇಲೂ ಅದರ ಅರ್ಧ ಅಂಶ ಮೈಯಲ್ಲಿ ಉಳಿದಿರುತ್ತದೆ. ನಡೆದು ಗಳಿಸಿದ್ದನ್ನು ಅಲ್ಲೇ ಕಳೆದುಕೊಂಡು ಬಂದಂತಾಯಿತು.

ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿದಂತಾಗುವವರು, ನಡೆಯುವಾಗ ಎದೆ ಹಿಡಿದಂತಾಗುವವರು ಮೊದಲು ವೈದ್ಯರನ್ನು ಕಾಣಬೇಕು. ವ್ಯಾಯಾಮ ಆಮೇಲೆ.

ಕೊನೆಯದಾಗಿ, ಕಾಯಿಲೆ ಬಿದ್ದು ಏಳುತ್ತಿರುವವರ ಬಗ್ಗೆ. ನಮ್ಮ ಮನೆಗಳಲ್ಲಿ ಪ್ರೀತಿ ಎಂದರೆ ರೋಗಿಯನ್ನು ಹಾಸಿಗೆಯಿಂದ ಇಳಿಯಲು ಬಿಡದಿರುವುದು. ಊಟ ಅಲ್ಲೇ, ನೀರು ಅಲ್ಲೇ. ಇದರ ಬೆಲೆ ಎಷ್ಟು ಎನ್ನುವುದಕ್ಕೆ ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ನಡೆದ ಪ್ರಯೋಗವೊಂದಿದೆ. ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಅವರ ದುಡಿಯುವ ಕಸುವು ಕಾಲುಭಾಗಕ್ಕಿಂತ ಹೆಚ್ಚು ಇಳಿದುಹೋಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಹುಡುಕಿ ತಂದು ಮತ್ತೆ ಪರೀಕ್ಷಿಸಿದಾಗ ತಿಳಿದದ್ದು ಇದು: ಮೂವತ್ತು ವರ್ಷದ ಮುಪ್ಪು ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ದೊಡ್ಡದಾಗಿತ್ತು. ಐವತ್ತು ದಾಟಿದ್ದ ಅವರಿಗೆ ಆರು ತಿಂಗಳು ನಿಧಾನವಾಗಿ ನಡಿಗೆ, ಓಟ, ಸೈಕಲ್ಲಿನ ಅಭ್ಯಾಸ ಕೊಟ್ಟರು. ಇಪ್ಪತ್ತರ ವಯಸ್ಸಿನಲ್ಲಿದ್ದ ಕಸುವು ಹೆಚ್ಚುಕಡಿಮೆ ಮರಳಿ ಬಂತು.

ಆಪರೇಷನ್ ಆದ ಮರುದಿನವೇ ನರ್ಸಮ್ಮ ಬಂದು “ಏಳಿ, ನಾಲ್ಕು ಹೆಜ್ಜೆ ಹಾಕಿ” ಎಂದರೆ ನಮ್ಮ ಕಡೆಯ ನೆಂಟರು ಸಿಟ್ಟಾಗುತ್ತಾರೆ. ದಯವಿಟ್ಟು ಸಿಟ್ಟಾಗಬೇಡಿ, ತೋಳು ಕೊಟ್ಟು ಎಬ್ಬಿಸಿ. ಮನೆಗೆ ಕರೆತಂದ ಮೇಲೂ ವೈದ್ಯರು ಒಪ್ಪಿದಷ್ಟು ಓಡಾಡಿಸಿ. ಹಗಲಿಡೀ ಕಿಟಕಿ ಮುಚ್ಚಿ ಮಂಪರಿನಲ್ಲಿ ಮಲಗಿದವರು ರಾತ್ರಿ ನೋವನ್ನೂ ಗಡಿಯಾರವನ್ನೂ ಎಣಿಸುತ್ತ ಎಚ್ಚರವಾಗಿರುತ್ತಾರೆ. ನಿದ್ದೆ ಇಲ್ಲದೆ ಗಾಯ ಮಾಯುವುದೂ ತಡವಾಗುತ್ತದೆ. ಬೆಳಿಗ್ಗೆ ಪರದೆ ಸರಿಸಿ ಬೆಳಕು ಬಿಡಿ. ತಿಂಡಿಯನ್ನು ಕುರ್ಚಿಯಲ್ಲಿ ಕೂರಿಸಿ ಕೊಡಿ. ಬಚ್ಚಲಿಗೆ ನಡೆಸಿಕೊಂಡೇ ಹೋಗಿ. ಸಂಜೆ ಹಜಾರದಲ್ಲಿ ಎರಡು ಸುತ್ತು, ನಾಳೆ ಮೂರು. ಏಳಲು ಆಗದಿದ್ದರೆ ಮಲಗಿದಲ್ಲೇ ಪಾದ ಆಡಿಸಲಿ, ಮಂಡಿ ಮಡಿಸಿ ಚಾಚಲಿ, ಮುಷ್ಟಿ ಕಟ್ಟಿ ಬಿಡಲಿ. ಪಕ್ಕದಲ್ಲಿ ಕೂತು ಎಣಿಸುವುದಕ್ಕೆ ಮನೆಯ ಮಕ್ಕಳನ್ನು ಬಿಡಿ, ಅವರು ಖುಷಿಯಿಂದ ಎಣಿಸುತ್ತಾರೆ.